ಬಲಗಡೆಯ ಸದ್ದು

ಗ್ಯುಮ್ರಿಯಲ್ಲಿ ಮಾರ್ಚ್ ಅಂದರೂ
ಮುಟ್ಟಿದ ಕಬ್ಬಿಣ ಬೆರಳನ್ನು ಬಿಟ್ಟುಕೊಡದಷ್ಟು ಚಳಿ.
ತಗಡಿನ ಗೂಡಿನ ಮುಂದೆ
(ಭೂಕಂಪದ ಮರುವರ್ಷ ನಮಗೆ ಕೊಟ್ಟದ್ದು, ತಾತ್ಕಾಲಿಕ ಎಂದು,
ಈಗ ಅದರಲ್ಲಿ ಬರೀ ಸ್ಪ್ಯಾನರು, ಹಳೆ ಟೈರು)
ಮುಂದಿನ ಬಲಗಾಲು ಎತ್ತಿ ನಿಂತಿದೆ ನನ್ನ ಲಾಡಾ,
ಕಂಬ ಕಂಡ ನಾಯಿಯ ಹಾಗೆ.

ನಗಬೇಡ, ಅಂದೆ ತಾತುಲನಿಗೆ. ಜಾಕನ್ನು ನಂಬಬೇಡ.
ಆ ಏಪ್ರಿಕಾಟ್ ಬೊಡ್ಡೆ ಉರುಳಿಸಿ ತಾ, ಅಡಿಗಿಡು.
ತಮ್ಮನ ಮಗ, ಹದಿನೈದು ವರ್ಷ,
ಹೇಳಿದ್ದು ಕೇಳುತ್ತಾನೆ, ಕೇಳಿದ ಮೇಲೆ ಯಾಕೆ ಅನ್ನುತ್ತಾನೆ.

ಹನ್ನೊಂದು ವರ್ಷ ನಾನು ಕೂತದ್ದು ಬಲಗಡೆ.
ಪ್ರತಿ ಗುಂಡಿಗೂ ನನ್ನ ಪಾದದಡಿ ಒಂದು ಲೊಟಕ್.
ಏನೋ ಸದ್ದು, ಅನ್ನುವೆ.
ರಸ್ತೆ, ಅನ್ನುವನು ರಜ್ಮಿಕ್.
ಇಲ್ಲಿ ರಸ್ತೆ ನುಣ್ಣಗಿದೆಯಲ್ಲ?
ಹಾಗಾದರೆ ನಿನ್ನ ಕಿವಿ.
ಒಂದು ಶರತ್ಕಾಲ, ಕಾಲುಚೀಲದ ಕಾರ್ಖಾನೆಯ
ನನ್ನ ಎರಡು ತಿಂಗಳ ಸಂಬಳ ಎಣಿಸಿಕೊಂಡು ಹೋಗಿ
ಸಂಜೆ ಕೈತುಂಬ ಗ್ರೀಸು ಮೆತ್ತಿಕೊಂಡು ಬಂದ.
ಎರಡೂ ಕಡೆ ಹೊಸ ಬಾಲ್ ಜಾಯಿಂಟ್, ಅಂದ.
ಮರುದಿನ ಚರ್ಚಿನ ತಿರುವಿನಲ್ಲಿ: ಲೊಟಕ್.
ನನ್ನ ಕಿವಿ, ಅಂದುಕೊಂಡೆ.

ಸೀಮೆಎಣ್ಣೆ ಕುಡಿಸಿ ರಾತ್ರಿಯಿಡೀ ಬಿಟ್ಟಿದ್ದರೂ
ನಟ್ಟು ಜಪ್ಪಯ್ಯ ಅಂದರೂ ಕದಲದು.
ಸ್ಪ್ಯಾನರಿಗೆ ನೀರಿನ ಪೈಪು ತೊಡಿಸಿ
ಇಬ್ಬರೂ ನೇತುಬಿದ್ದೆವು. ಕಿರ್ರ್ ಅಂತು. ಸಾಕು.
ಇನ್ನು ಸುತ್ತಿಗೆ. ತಡಿ, ಮೊಳೆಗಲ್ಲ,
ಮೊಳೆಯನ್ನು ಹಿಡಿದ ಕಿವಿಗೆ ಹೊಡಿ.
ಯಾಕೆ?
ಹಿಡಿದವರಿಗೆ ಪೆಟ್ಟು ಬಿದ್ದರೆ ಹಿಡಿದದ್ದನ್ನು ಬಿಡುತ್ತಾರೆ,
ಅದಕ್ಕೆ. ಮಾತು ಸಾಕು, ಹೊಡಿ.

ಈ ಕಡೆ ಮುಖ ತರಬೇಡ. ಇದು ಸ್ಪ್ರಿಂಗು.
ಸುಮ್ಮನಿದೆ ಅಂತ ಕಾಣುತ್ತದೆ, ಸುಮ್ಮನಿಲ್ಲ.
ಅರ್ಧ ಕಾರಿನ ಭಾರ ನುಂಗಿಕೊಂಡು ಕೂತಿದೆ,
ತೋಳಿನಡಿ ಈ ಎರಡನೇ ಜಾಕ್ ಒಂದು ಜಾರಿದರೆ
ನಿನ್ನ ಹಲ್ಲು ಅರ್ಪೆನಿಕಳ ಅಂಗಳದಲ್ಲಿ ಆರಿಸಬೇಕು.
ಹುಡುಗ ಎರಡು ಹೆಜ್ಜೆ ಹಿಂದೆ ಹೋದ.
ನಾನು ಹೋಗಲಿಲ್ಲ. ಉಸಿರು ಮಾತ್ರ
ಎಲ್ಲಿ ಬಿಡಬೇಕೋ ತಿಳಿಯದೆ ಹಿಡಿದುಕೊಂಡಿದ್ದೆ.

ಠಣ್, ಠಣ್, ಮತ್ತೆ ಠಣ್.
ನಾಲ್ಕನೆಯದಕ್ಕೆ ಸಡಿಲಾಯಿತು.

ಮೂರು ಬೋಲ್ಟು ಬಿಚ್ಚಿ ಅಂಗೈಗೆ ತಗೊಂಡೆ.
ಹೊಸದಾಗಿದ್ದ ಕಾಲ ಇದಕ್ಕೆ ಯಾವತ್ತೋ ಮುಗಿದಿತ್ತು,
ನನ್ನ ಮದುವೆಗಿಂತ ಮುಂಚೆ. ಗುಂಡು ತನ್ನ ಗುಳಿಯೊಳಗೆ
ಮುದುಕನ ಬಾಯಲ್ಲಿ ಕಟ್ಟಿಸಿದ ಹಲ್ಲಿನ ಹಾಗೆ ಅಲುಗುತ್ತಿತ್ತು.
ಹರಿದ ರಬ್ಬರಿನ ಟೊಪ್ಪಿಗೆಯ ಮೇಲೆ
ಸೈಕಲ್ ಟ್ಯೂಬಿನ ತುಂಡು, ಎರಡು ಸುತ್ತು,
ಮೇಲೆ ಮೀನಿನ ಗಾಳದ ದಾರ.
ಗಂಟು ಮಾತ್ರ ಎಷ್ಟು ಚೆಂದ!
ಆ ಗಂಟು ನನಗೆ ಗೊತ್ತು.
ಆ ಶರತ್ಕಾಲವೇ ಅಲ್ಲವೇ ಬಾಗಿಲ ಹಿಂದೆ
ಹೊಸದೊಂದು ಗಾಳದ ಕೋಲು ಬಂದು ನಿಂತದ್ದು,
ಗೆಳೆಯ ಕೊಟ್ಟ, ಅಂದದ್ದು.

ಎದ್ದು ಹೋಗಿ ಎಡಗಡೆ ಬಗ್ಗಿ ನೋಡಿದೆ.
ಅಲ್ಲಿ ಅಸಲಿ ಮಾಲು. ಅಂಗಡಿಯ ಹಳದಿ ಬಣ್ಣದ ಗುರುತು
ಕೊಳೆಯ ಕೆಳಗೆ ಇನ್ನೂ ಇತ್ತು.
ಅವನು ಕೂರುವ ಕಡೆ.

ಅತ್ತೆ, ಯಾಕೆ ನಗ್ತಿದೀಯ?
ನಗ್ತಿದ್ದೆನಾ? ಚಳಿ ಇರಬೇಕು.
ಈಗ ಅವನು ವೊರೊನೆಝ್‌ನಲ್ಲಿ
ಯಾರನ್ನೋ ಯಾವುದೋ ಕಾರಿನ ಬಲಗಡೆ ಕೂರಿಸಿ
ರಸ್ತೆ, ಅನ್ನುತ್ತಿರಬಹುದು.
ಅವಳ ಕಿವಿ ಚೆನ್ನಾಗಿರಲಿ.

ಹೊಸದನ್ನು ಕೂರಿಸಿದೆವು, ಗ್ರೀಸು ತುಂಬಿ,
ನಟ್ಟಿನ ಕಿಂಡಿಗೆ ಪಿನ್ನು ತೂರಿಸಿ, ಕಿವಿ ಮಡಿಸಿ.
ಮಡಿಸುವ ಕೆಲಸ ತಾತುಲನಿಗೆ ಬಿಟ್ಟೆ,
ಇನ್ನು ಆ ಕಡೆ ಕೂರುವವನು ಅವನೇ ತಾನೆ.
ಟ್ಯೂಬಿನ ತುಂಡನ್ನು ಎಸೆಯಲು ಹೋಗಿ
ಅಂಗಿಯ ಜೇಬಿಗೆ ಹಾಕಿಕೊಂಡೆ. ಯಾಕೋ ಕೇಳಬೇಡ.

ಕಪ್ಪು ಕಲ್ಲಿನ ಬೀದಿ, ಚರ್ಚಿನ ತಿರುವು.
ಆ ಗುಂಡಿ ನನಗೆ ಬಾಯಿಪಾಠ.
ವೇಗ ತಗ್ಗಿಸದೆ ಇಳಿಸಿದೆ.
ಬಲಗಡೆ ಮಾತಿಲ್ಲ.
ತಾತುಲ ನನ್ನ ಮುಖ ನೋಡಿದ, ನಾನು ಅವನದನ್ನು.

ಆಮೇಲೆ, ಎರಡನೇ ಗುಂಡಿಗೆ,
ನನ್ನ ಎಡಪಾದದ ಕೆಳಗಿಂದ, ಸಣ್ಣಗೆ:
ಲೊಟಕ್.

ರಸ್ತೆನಾ ಅತ್ತೆ, ಅಂದ.
ಅಲ್ಲ, ಅಂದೆ. ಮುಂದಿನ ಭಾನುವಾರ ಬಾ.